ಹಬ್ಬಕ್ಕೆ ಮುಂಚೆ ಅಟ್ಟ

ಮಹಾಲಯ ಅಮಾವಾಸ್ಯೆ ಕಳೆದ ಮರುದಿನವೇ ಆಶ್ವಯುಜ ಶುದ್ಧ ಪಾಡ್ಯ. ಅಂದು ಗೊಂಬೆಗಳಿಗೆ ಹಲಗೆ ಜೋಡಿಸಬೇಕಾದ ಗೃಹಿಣಿಯು ಅದಕ್ಕೆ ಮುಂಚೆ ಮನೆಯನ್ನೆಲ್ಲ ಒಮ್ಮೆ ತಲೆಕೆಳಗು ಮಾಡದೆ ಬಿಡುವುದಿಲ್ಲ. ಜೇಡರಬಲೆ ತೆಗೆಯುವುದು, ಹಾಸಿಗೆಗಳನ್ನು ಬಿಸಿಲಿಗೆ ಹಾಕುವುದು, ಗೋಡೆಗೆ ಬಣ್ಣ ಬಳಿಯಿಸುವುದು ಇವು ಮನೆಮನೆಯಲ್ಲಿಯೂ ನಡೆಯತಕ್ಕವು. ಅವನ್ನು ಕುರಿತು ನಾವು ಬರೆಯಹೊರಟಿಲ್ಲ. ಧೂಳು ಹೊಡೆಯುವುದಕ್ಕೂ ಸಾಮಾನು ಕಡಮೆ ಮಾಡುವುದಕ್ಕೂ ಬಹಳ ವ್ಯತ್ಯಾಸವುಂಟು. ಹಲವು ಮನೆಗಳಲ್ಲಿ ಅಟ್ಟದ ಸಾಮಾನು ವರ್ಷಕ್ಕೊಮ್ಮೆ ಕೆಳಗಿಳಿದು, ಮೈ ಒರೆಸಿಕೊಂಡು, ಪುನಃ ತನ್ನ ಸ್ಥಾನಕ್ಕೇ ಹತ್ತಿಬಿಡುವುದು. ಉತ್ಸವಮೂರ್ತಿಗಳಿಗೂ ಇಷ್ಟು ಕ್ರಮವಾದ ಸವಾರಿ ಇದೆಯೋ ಇಲ್ಲವೋ!

ಹಿರಿಯರು ಸಾಮಾನು ಕೂಡಿಸಿದ್ದಕ್ಕೆ ಕಾರಣವಿತ್ತು. ಮದುವೆ ಮುಂಜಿಗಳು ಮನೆಯ ಮುಂದಿನ ಚಪ್ಪರದಲ್ಲಿಯೇ ನಡೆಯುತ್ತಿದ್ದುವು. ನೂರು ಎಲೆ ಬೀಳುವ ದಿನಕ್ಕೆ ಕೊಪ್ಪರಿಗೆ, ಕೊಳಗ, ತಪ್ಪಲೆಗಳು ಬೇಕು. ತಮ್ಮಲ್ಲಿಲ್ಲದ್ದನ್ನು ನೆರೆಮನೆಯಿಂದ ತರುವರು, ನೆರೆಯವರು ಇವರಿಂದ ಒಯ್ಯುವರು. ಈಗ ಶುಭಕಾರ್ಯವು ಛತ್ರಕ್ಕೆ ಹೋಗಿದೆ. ಅಡಿಗೆಯವರು ತಮ್ಮ ಪಾತ್ರೆಗಳನ್ನು ತಾವೇ ತರುವರು. ಆದರೂ ಅಟ್ಟವು ಬರಿದಾಗಲಿಲ್ಲ. ಕೊಪ್ಪರಿಗೆಯ ಪಕ್ಕದಲ್ಲಿ ಟೆಲಿವಿಷನ್ ಬಂದ ರಟ್ಟಿನ ಪೆಟ್ಟಿಗೆ, ಅದರೊಳಗೆ ಕೆಟ್ಟ ಮಿಕ್ಸಿ, ಮಿಕ್ಸಿಯ ಜಾರಿನೊಳಗೆ ಹೋಟೆಲಿನಿಂದ ಬಂದ ಪ್ಲಾಸ್ಟಿಕ್ ಡಬ್ಬಿಗಳು, ಆ ಡಬ್ಬಿಗಳಲ್ಲಿ ಯಾವ ಬೀಗಕ್ಕೂ ಸೇರದ ಬೀಗದ ಕೈಗಳು. ಇವನ್ನೆಲ್ಲ ಕಾಪಾಡುತ್ತಿರುವುದು ‘ಯಾವಾಗಲಾದರೂ ಬೇಕಾದೀತು’ ಎಂಬ ಒಂದೇ ಮಂತ್ರ.

ಪಾತ್ರೆಗಳ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಹೇಳಿಬಿಡುವೆವು. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಹಿತ್ತಾಳೆಯ ಪಾತ್ರೆಗೆ ಒಳಗಡೆ ತವರದ ಕಲಾಯಿ ಇಲ್ಲದಿದ್ದರೆ ಹುಳಿ, ಮಜ್ಜಿಗೆ ಮುಂತಾದುವು ಅದರಲ್ಲಿ ಕಿಲುಬುವುವು. ಬೀದಿಯಲ್ಲಿ ತಿದಿ ಊದಿ, ನವಸಾಗರ ಹಾಕಿ, ಅರಿವೆಯಿಂದ ಉಜ್ಜಿ, ಕ್ಷಣದಲ್ಲಿ ಪಾತ್ರೆಯನ್ನು ಬೆಳ್ಳಿಯಂತೆ ಮಾಡಿಕೊಡುತ್ತಿದ್ದ ಕಲಾಯಿಯವನು ಈಗ ಅಪರೂಪ. ಕಲಾಯಿ ಮಾಡಿಸಿ ಬಳಸುವವರು ಒಂದೆರಡನ್ನು ಇಟ್ಟುಕೊಳ್ಳಲಿ; ಮಿಕ್ಕುದನ್ನು ಬೇಕೆನ್ನುವ ಬಂಧುಗಳಿಗೆ ಕೊಡಲಿ, ಇಲ್ಲವೆ ತೂಕಕ್ಕೆ ಹಾಕಲಿ. ಆದರೆ ತೂಕಕ್ಕೆ ಹಾಕುವ ಮುಂಚೆ ಪಾತ್ರೆಯ ಕಂಠದಲ್ಲಿ ಕೊರೆದಿರುವ ಹೆಸರನ್ನು ಮನೆಯವರಿಗೆಲ್ಲ ಒಮ್ಮೆ ಓದಿ ಹೇಳಬೇಕು. ನಮ್ಮ ಮನೆಯ ಒಂದು ಬಿಂದಿಗೆಯ ಮೇಲೆ ಯಾರಿಗೂ ಪರಿಚಯವಿಲ್ಲದ ಹೆಂಗಸಿನ ಹೆಸರಿತ್ತು. ಆಕೆ ನಮ್ಮ ಮುತ್ತಜ್ಜನ ಮೊದಲ ಹೆಂಡತಿಯೆಂದೂ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡಳೆಂದೂ ವಿಚಾರಿಸಿದ ಮೇಲೆ ತಿಳಿಯಿತು. ಆಕೆಯದೆಂದು ಈ ಲೋಕದಲ್ಲಿ ಉಳಿದಿರುವುದು ಬಹುಶಃ ಅದೊಂದೇ. ಆ ಬಿಂದಿಗೆ ತೂಕಕ್ಕೆ ಹೋಗಲಿಲ್ಲ.

ಕಷ್ಟವಿರುವುದು ಕಾಗದಪತ್ರಗಳಲ್ಲಿ. ನಮ್ಮ ತಂದೆಯವರು ತೀರಿಕೊಂಡ ತರುವಾಯ ಹನ್ನೊಂದು ವರ್ಷ ಯಾರೂ ತೆಗೆಯದಿದ್ದ ಒಂದು ಕಬ್ಬಿಣದ ಪೆಟ್ಟಿಗೆ ಊರಮನೆಯ ಅಟ್ಟದ ಮೇಲಿತ್ತು. ಪ್ರತಿವರ್ಷವೂ ಅದನ್ನು ಇಳಿಸುವುದು, ಒರೆಸುವುದು, ಏರಿಸುವುದು. ಈ ಸಲ ತಾಯಿಯವರೇ, “ನಾನು ಹೋದಮೇಲೆ ನೀವೆಲ್ಲ ಇದನ್ನು ಮುಂದಿಟ್ಟುಕೊಂಡು, ಯಾವುದನ್ನು ಇಡುವುದು ಯಾವುದನ್ನು ಬಿಡುವುದು ಎಂದು ತಿಳಿಯದೆ ಅಳುತ್ತ ಕೂರುತ್ತೀರಿ. ನಾನಿರುವಾಗಲೇ ತೆಗೆಯಿರಿ” ಎಂದರು. ಅವರಿಗೆ ಸಣ್ಣ ಅಕ್ಷರ ಕಾಣಿಸದು. ಓದುವ ಕೆಲಸ ನಮ್ಮದಾಯಿತು.

ತಂದೆಯವರು ಕೆಲಸದ ನಿಮಿತ್ತ ಊರೂರು ಸುತ್ತುತ್ತಿದ್ದಾಗ ಬರೆದ ಕಾರ್ಡುಗಳು, ಇನ್‌ಲ್ಯಾಂಡ್ ಲೆಟರುಗಳು ಪೆಟ್ಟಿಗೆಯ ಮುಕ್ಕಾಲು ಪಾಲು ಇದ್ದುವು. ಹೆಚ್ಚಿನವುಗಳಲ್ಲಿ ರಾಗಿಯ ಧಾರಣೆ, ಮಗುವಿನ ಜ್ವರ, ಎಮ್ಮೆ ಕರು ಹಾಕಿತೇ ಇಲ್ಲವೇ ಎಂಬ ಪ್ರಶ್ನೆ. ತಾಯಿಯವರು ಎರಡನ್ನು ಮಾತ್ರ ಬೇರೆ ತೆಗೆದಿಡಿಸಿದರು. ಒಂದು ನಮ್ಮ ಅಕ್ಕ ಹುಟ್ಟಿದ ಸುದ್ದಿ ತಿಳಿದು ಬರೆದದ್ದು. ಇನ್ನೊಂದನ್ನು ಮಡಿಕೆಯ ಮೇಲಿನಿಂದ ಕೈಯಾಡಿಸಿಯೇ ಗುರುತಿಸಿ, ನಮ್ಮಿಂದ ತೆಗೆದುಕೊಂಡುಬಿಟ್ಟರು. ಅದರಲ್ಲಿ ಏನಿದೆಯೋ ನಾವರಿಯೆವು. ಉಳಿದುವನ್ನು ಬಚ್ಚಲ ಒಲೆಗೆ ಹಾಕಲು ಹೇಳಿದರು. ನಾವು ಬೇಡವೆಂದೆವು. “ನನಗೆ ಬರೆದ ಕಾಗದ. ಉತ್ತರವನ್ನೂ ನಾನೇ ಬರೆದೆ. ಇನ್ನು ಅವಕ್ಕೇನು ಕೆಲಸ?” ಎಂದರು. ಅಂದು ಹಂಡೆಯ ನೀರು ಆ ಕಾಗದಗಳಿಂದಲೇ ಕಾಯಿತು. ತಾಯಿಯವರು ಆ ನೀರಿನಲ್ಲಿಯೇ ಸ್ನಾನ ಮಾಡಿದರು. ಅಕ್ಕನಿಗೆ ಇದು ಇಂದಿಗೂ ಒಪ್ಪಿಗೆಯಿಲ್ಲ. ನಮಗಾದರೋ, ತಮ್ಮ ವಸ್ತುವಿನ ಗತಿಯನ್ನು ತಾವೇ ನಿರ್ಣಯಿಸುವ ಅಧಿಕಾರವು ಅವರಿಗಲ್ಲದೆ ಮತ್ತಾರಿಗೂ ಇಲ್ಲವೆಂದು ತೋರಿತು. ತೋರಿದರೂ ಒಲೆಯ ಮುಂದೆ ಬಹಳ ಹೊತ್ತು ನಿಲ್ಲಲಾಗಲಿಲ್ಲ.

ಅದೇ ಪೆಟ್ಟಿಗೆಯ ತಳದಲ್ಲಿ ತಾತನವರ ಲೆಕ್ಕದ ಪುಸ್ತಕ ಸಿಕ್ಕಿತು. ಅದನ್ನು ನಾವು ಕೇಳಿ ಉಳಿಸಿಕೊಂಡೆವು. 1957ರಲ್ಲಿ ನಯಾಪೈಸೆ ಬರುವುದಕ್ಕೆ ಮುಂಚಿನ ಲೆಕ್ಕ. ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು ಎಂದು ಹೇಳಿಕೊಡದೆ ಮನೆಯ ಹುಡುಗರಿಗೆ ಒಂದು ಸಾಲೂ ಅರ್ಥವಾಗಲಿಲ್ಲ. ಇಂಥವು ತಮ್ಮ ಒಡೆಯರನ್ನು ದಾಟಿ ಮುಂದಿನವರಿಗೆ ಸೇರಿದುವು. ಬರಹವೇನೆಂದು ತಿಳಿಯದ ಓಲೆಗರಿಯ ಕಟ್ಟು ಯಾರ ಅಟ್ಟದಲ್ಲಾದರೂ ಇದ್ದರೆ ಅದನ್ನು ಹೊಳೆಗೆ ಬಿಡುವ ಹಳೆಯ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಬೇಕು. ತಂಜಾವೂರು ಸೀಮೆಯ ಒಬ್ಬ ಪಂಡಿತರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಇಂಥದೇ ಒಂದು ಕಟ್ಟನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಆ ಪಂಡಿತರ ಮನೆಯವರು ಹಬ್ಬದ ಅವಸರದಲ್ಲಿ ಅದನ್ನು ಒಲೆಗೆ ಹಾಕಿದ್ದರೆ?

ತೆಗೆಯದೆ ಇಟ್ಟರೂ ನಷ್ಟವುಂಟು. 2016ರ ನವೆಂಬರ್ 8ರ ರಾತ್ರಿ ಐನೂರು ಮತ್ತು ಸಾವಿರ ರೂಪಾಯಿಯ ನೋಟುಗಳು ರದ್ದಾದುವು. ಅವನ್ನು ಬ್ಯಾಂಕಿಗೆ ಕಟ್ಟಲು ಡಿಸೆಂಬರ್ 30ರವರೆಗೆ ಅವಕಾಶವಿತ್ತು. ನಮ್ಮ ಬೀದಿಯ ಒಬ್ಬ ವೃದ್ಧೆಯ ಸೀರೆಯ ಮಡಿಕೆಗಳಲ್ಲಿ ಇಂತಹ ನೋಟುಗಳು ಸಿಕ್ಕಿದ್ದು ಮುಂದಿನ ಯುಗಾದಿಯ ಸಮಯಕ್ಕೆ. ಮೊಮ್ಮಗಳ ಮದುವೆಗೆಂದು ಕೂಡಿಸಿದ್ದ ಹಣವಂತೆ.

ಇನ್ನು ಮನೆಯಿಂದ ಹೊರಡುವ ಸಾಮಾನಿನ ದಾರಿ. ಮುಕ್ಕಾದ ದೇವರ ಪಟಗಳನ್ನು ಅಶ್ವತ್ಥಕಟ್ಟೆಗೆ ಒರಗಿಸಿ ಕೈಮುಗಿದು ಬರುವುದನ್ನು ನಾವು ಒಪ್ಪುವುದಿಲ್ಲ; ಮಳೆಯಲ್ಲಿ ನೆನೆದು, ಗಾಜು ಒಡೆದು, ಪ್ರದಕ್ಷಿಣೆ ಬರುವವರ ಕಾಲಿಗೆ ಚುಚ್ಚುವುದು. ಗಾಜನ್ನೂ ಚೌಕಟ್ಟನ್ನೂ ಬೇರ್ಪಡಿಸಿ, ಚಿತ್ರದ ಕಾಗದವನ್ನು ನೆನೆಸಿ ಹಿತ್ತಲ ಮಣ್ಣಿಗೆ ಸೇರಿಸಿದರೆ ಭಕ್ತಿಗೆ ಲೋಪವೇನೂ ಬಾರದು. ಅವಧಿ ಮೀರಿದ ಔಷಧಗಳನ್ನು ಮಕ್ಕಳ ಕೈಗೆ ಸಿಕ್ಕುವಂತೆ ಎಸೆಯಬಾರದು, ಬಚ್ಚಲಿಗೂ ಸುರಿಯಬಾರದು. ಮನೆಯ ಕಸವನ್ನು ಹಸಿ, ಒಣ, ಅಪಾಯಕರ ಎಂದು ವಿಂಗಡಿಸಬೇಕೆಂಬ ನಿಯಮವು 2016ರಲ್ಲಿಯೇ ಬಂದಿತ್ತು. ಔಷಧ, ಬ್ಯಾಟರಿ, ಟ್ಯೂಬ್‌ಲೈಟುಗಳು ಅದರಲ್ಲಿ ಕಡೆಯ ವರ್ಗಕ್ಕೆ ಸೇರಿದ್ದುವು. ಹಳೆಯ ಮೊಬೈಲಿನ ಬ್ಯಾಟರಿ ಉಬ್ಬಿದ್ದರೆ ಅದನ್ನು ಚುಚ್ಚದೆ, ಒತ್ತದೆ, ಬಿಸಿಲಿನಲ್ಲಿಯೂ ಇಡದೆ ಬೇಗನೆ ಸಾಗಿಸಬೇಕು. ಅದು ಹೊತ್ತಿಕೊಳ್ಳುವ ಪದಾರ್ಥ. ದಾನ ಮಾಡುವ ಬಟ್ಟೆಯನ್ನು ಒಗೆದು, ಗುಂಡಿ ಹೊಲಿದು ಕೊಡುವುದು ಮರ್ಯಾದೆ. ಇಟ್ಟುಕೊಳ್ಳುವ ಜರಿಸೀರೆಗಳ ಮಡಿಕೆಯನ್ನು ಮಾತ್ರ ಈಗಲೇ ಬದಲಾಯಿಸಿ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಬೇಕು. ಅದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಜರಿಯು ಅಲ್ಲಿಯೇ ಮುರಿಯುವುದು.

ನವರಾತ್ರಿಯೊಳಗೆ ಕೆಲಸ ಮುಗಿಯದವರು ಎದೆಗೆಡಬೇಕಾದುದಿಲ್ಲ. ವಿಜಯದಶಮಿಯಿಂದ ನೀರು ತುಂಬುವ ಹಬ್ಬಕ್ಕೆ ಇನ್ನೂ 18 ದಿನಗಳ ವಾಯಿದೆಯುಂಟು. ಅಂದು ಸಂಜೆ ಹಂಡೆಯನ್ನು ಬೆಳಗಿ ನೀರು ತುಂಬಲೇಬೇಕಾದುದರಿಂದ, ಹಂಡೆಯೊಳಗೆ ಈರುಳ್ಳಿ ತುಂಬಿಟ್ಟಿರುವವರು ಅದಕ್ಕೆ ಈಗಿನಿಂದಲೇ ಬೇರೆ ಸ್ಥಳವನ್ನು ಹುಡುಕಿಕೊಳ್ಳುವುದು ಲೇಸು.