ಅಪ್ಪನ ಬಾಟ್ಲಿ, ಪುಟ್ಟನ ಕಣ್ಣು

ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದ್ದು 2022ರ ಶಿವರಾತ್ರಿಗೆ ಸ್ವಲ್ಪ ಮುಂಚೆ. ತುಮಕೂರಿನಲ್ಲೇ ಮಾಡಿಸಿದೆವು. ಮಧ್ಯಾಹ್ನ ಗುಬ್ಬಿ ಬಸ್ಸು ಹತ್ತೋ ಹೊತ್ತಿಗೆ ಅವರ ಕೈಯಲ್ಲಿ ಒಂದು ಕಪ್ಪು ಕನ್ನಡಕ, ಒಂದು ಪುಟಾಣಿ ಬಿಳಿ ಬಾಟ್ಲಿ, ಒಂದು ಚೀಟಿ ಇತ್ತು. ಚೀಟಿಯಲ್ಲಿ ಮೊದಲ ವಾರ ದಿನಕ್ಕೆ ಆರು ಸಲ, ಎರಡನೇ ವಾರ ಐದು ಸಲ, ಹೀಗೇ ಇಳೀತಾ ಆರನೇ ವಾರಕ್ಕೆ ಒಂದೇ ಸಲ ಅಂತ ಬರೆದಿತ್ತು. ಒಳ್ಳೇ ಮೆಟ್ಟಿಲ ಥರ.

ಅಪ್ಪ ಎರಡನೇ ವಾರಕ್ಕೇ ಮೆಟ್ಟಿಲಿಂದ ಧುಮುಕಿದರು. "ಕಣ್ಣು ಚೆನ್ನಾಗ್ ಕಾಣ್ತೈತೆ, ತೆಂಗಿನ ಗರಿ ಎಣಿಸಬೌದು, ಇನ್ಯಾಕ್ಲಾ ಔಷಧಿ?" ಅಂತ ಬಾಟ್ಲೀನ ದೇವರ ಗೂಡಲ್ಲಿಟ್ಟು ತೋಟಕ್ಕೆ ಹೋದರು. ನಾಲ್ಕೇ ದಿನಕ್ಕೆ ಕಣ್ಣು ಕೆಂಪಾಯಿತು, ಬೆಳಕು ಕಂಡರೆ ನೀರು ಸುರೀತು. ಡಾಕ್ಟ್ರು ಚೆನ್ನಾಗಿ ಬೈದರು. ಆಪರೇಷನ್ ಆದ ಕಣ್ಣಿನೊಳಗಿನ ಉರಿಯೂತ ಅಡಗಿಸೋಕೆ ಸ್ಟಿರಾಯ್ಡ್ ಬೇಕೇ ಬೇಕು, ಅದನ್ನ ಮೆಲ್ಲಗೆ ಇಳಿಸಿಕೊಂಡು ಬರಬೇಕು, ತಟ್ಟನೆ ಬಿಟ್ಟರೆ ಉರಿಯೂತ ವಾಪಸ್ ಬರುತ್ತೆ ಅಂದರು. ಹೊಸ ಬಾಟ್ಲಿ ಬರೆದು ಕೊಟ್ಟರು. ಹಳೇ ಬಾಟ್ಲಿ, ಮುಕ್ಕಾಲು ತುಂಬಿದ್ದು, ನಾನು ತುಮಕೂರಿಗೆ ತಂದು ನಮ್ಮನೆ ಫ್ರಿಜ್ಜಿನ ಬಾಗಿಲಲ್ಲಿಟ್ಟೆ. ದುಡ್ಡು ಕೊಟ್ಟ ಔಷಧಿ ಎಸೆಯೋಕೆ ನಮ್ಮಂಥೋರಿಗೆ ಕೈ ಬರಲ್ಲ ನೋಡಿ.

ಇಲ್ಲಿಗೆ ಮುಗಿದಿದ್ದರೆ ಇದು ಅಪ್ಪನ ಹಟದ ಕಥೆ ಆಗಿರ್ತಿತ್ತು.

ಅಕ್ಕನ ಮನೆ ಕುಣಿಗಲ್ಲಲ್ಲಿ. ಅವಳ ಮಗ ಪುಟ್ಟನಿಗೆ ಆಗ ಒಂಬತ್ತು ವರ್ಷ. ಬೇಸಿಗೆ ಬಂತೂಂದ್ರೆ ಅವನ ಎರಡೂ ಕಣ್ಣು ತುರಿಕೆ. ಮುಷ್ಟಿ ಕಟ್ಟಿಕೊಂಡು ಉಜ್ಜೋನು, ಹಗ್ಗದ ಥರ ಅಂಟು ಪಿಸುರು ಬರೋದು. ಅವರತ್ತೆ ನಂದಿಬಟ್ಟಲು ಹೂವು, ಹರಳೆಣ್ಣೆ ಎಲ್ಲಾ ಪ್ರಯೋಗ ಮಾಡಿ ಮುಗಿಸಿದ್ದರು. ಏಪ್ರಿಲ್‌ನಲ್ಲಿ ಅಕ್ಕ ಫೋನಲ್ಲಿ ಅತ್ತಾಗ ನಾನೇ ಹೇಳಿದೆ: "ಅಪ್ಪನ ಡ್ರಾಪ್ಸ್ ಇದೆ ಕಣೇ. ಕಣ್ಣಿಂದೇ ಔಷಧಿ, ಆಪರೇಷನ್ ಆದೋರ್ಗೇ ಕೊಡ್ತಾರೆ ಅಂದ್ಮೇಲೆ ಒಳ್ಳೇದೇ ಇರುತ್ತೆ." ಮಾರನೇ ದಿನ ಬಾಟ್ಲೀನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಹೆಬ್ಬೂರು ಮೇಲೆ ಹೋಗೋ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದೆ. ಭಾವ ಕುಣಿಗಲ್ ಸ್ಟ್ಯಾಂಡಲ್ಲಿ ಇಸ್ಕೊಂಡರು.

ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡೋನು. ಕಣ್ಣಿನ ಚಿತ್ರ ಬರೆದು, ಬಾಣದ ಗುರುತು ಹಾಕಿ, ಹೆಸರು ಬರೆಸಿ, ಐದು ಅಂಕ ಕೊಡೋ ಮನುಷ್ಯ. ಇದನ್ನು ಹೇಳಿಕೊಳ್ಳದೆ ಮುಂದಕ್ಕೆ ಹೋದರೆ ಕಥೆ ಪೂರ್ತಿ ಆಗಲ್ಲ.

ಔಷಧಿ ಎರಡೇ ದಿನಕ್ಕೆ ಕೆಲಸ ಮಾಡಿತು. ಕಣ್ಣು ಹಾಲಿನ ಥರ ಬೆಳ್ಳಗಾಯಿತು. ಅಕ್ಕ ಫೋನ್ ಮಾಡಿ ನನ್ನ ಹೊಗಳಿದಳು. ಬಾಟ್ಲಿ ಖಾಲಿಯಾದಾಗ ಅದನ್ನೇ ಊರಲ್ಲಿ ಮೆಡಿಕಲ್ ಸ್ಟೋರಿಗೆ ತಗೊಂಡು ಹೋಗಿ ತೋರಿಸಿದಳು, ಹೊಸದು ಕೊಟ್ಟರು. ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಅದರ ಮೇಲೇ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರುತ್ತೆ. ಮಾರೋನೂ ಓದಲ್ಲ, ಕೊಳ್ಳೋಳೂ ಓದಲ್ಲ. ಅಂಗಡಿಯವರನ್ನ ಬೈಯೋಣ ಅಂದರೆ ಮೊದಲ ಬಾಟ್ಲಿ ಕೊಟ್ಟಿದ್ದು ಅಂಗಡಿಯವರಲ್ಲವಲ್ಲ. ತುರಿಕೆ ಬಂದಾಗ ಹಾಕೋದು, ಹೋದಾಗ ಬಿಡೋದು. ಹೀಗೇ ಒಂದು ವರ್ಷದ ಮೇಲಾಯಿತು.

2023ರ ಮಳೆಗಾಲದಲ್ಲಿ ಕರ್ನಾಟಕದಲ್ಲೆಲ್ಲ ಮದ್ರಾಸ್ ಐ ಹಬ್ಬಿತಲ್ಲ, ಪುಟ್ಟನ ಸ್ಕೂಲಿಗೂ ಬಂತು. (1918ರಲ್ಲಿ ಮದ್ರಾಸಿನಲ್ಲಿ ಮೊದಲು ಕಂಡಿತು ಅಂತ ಆ ಹೆಸರು. ಪಾಪ, ನೂರು ವರ್ಷ ಆದರೂ ಆ ಊರಿಗೆ ಕಳಂಕ ಹೋಗಲಿಲ್ಲ.) ಅದು ಬಹುಪಾಲು ವೈರಸ್ಸಿಂದ ಬರೋದು. ಆ್ಯಂಟಿಬಯಾಟಿಕ್ಕಿಗೆ ವೈರಸ್ ಸಾಯಲ್ಲ. ಕೈ ತೊಳ್ಕೊಂಡು, ಟವೆಲ್ಲು ದಿಂಬು ಬೇರೆ ಇಟ್ಕೊಂಡರೆ ಒಂದೆರಡು ವಾರದಲ್ಲಿ ತಾನಾಗೇ ಹೋಗುತ್ತೆ. ಸ್ಟಿರಾಯ್ಡ್ ಹಾಕಿದರೆ ಕೆಂಪು ಇಳಿಯುತ್ತೆ, ವೈರಸ್ ಮಾತ್ರ ಇನ್ನೂ ನಾಲ್ಕು ದಿನ ಜಾಸ್ತಿ ಕೂತಿರುತ್ತೆ. ನಮ್ಮ ಮನೆಯಲ್ಲಿ ಅದಕ್ಕೂ ಅದೇ ಬಾಟ್ಲಿ.

ಗಣೇಶನ ಹಬ್ಬಕ್ಕೆ ಎಲ್ಲರೂ ಗುಬ್ಬಿ ಮನೆಗೆ ಬಂದಿದ್ದೆವು. ಅಂಗಳದಲ್ಲಿ ಪುಟ್ಟ ಒಂದು ಕಣ್ಣು ಮುಚ್ಚಿಕೊಂಡು ಬಾಲ್ ಹಿಡಿಯೋ ಆಟ ಆಡ್ತಿದ್ದ. ಬಲಗಣ್ಣು ಮುಚ್ಚಿದಾಗಲೆಲ್ಲ ಬಾಲ್ ಬಿಡ್ತಿದ್ದ. "ಮಾಮ, ಈ ಕಣ್ಣಲ್ಲಿ ಬಾಲು ಅರ್ಧ ದಾರೀಲಿ ಮಾಯ ಆಗುತ್ತೆ," ಅಂತ ನಕ್ಕ. ಅವನಿಗೆ ಅದೊಂದು ಮ್ಯಾಜಿಕ್ಕು. ನನಗೆ ಕಡುಬು ಗಂಟಲಲ್ಲಿ ನಿಂತಿತು.

ತುಮಕೂರಿನಲ್ಲಿ ಡಾಕ್ಟ್ರು ಗಲ್ಲ ಇಡಿಸಿ, ದೀಪ ಬಿಟ್ಟು, ಒತ್ತಡ ನೋಡಿದರು. ಹತ್ತರಿಂದ ಇಪ್ಪತ್ತೊಂದರ ಒಳಗೆ ಇರಬೇಕಾದ್ದು ಎಡಗಣ್ಣಲ್ಲಿ 36, ಬಲಗಣ್ಣಲ್ಲಿ 28. ಏನು ಔಷಧಿ ಹಾಕ್ತಿದ್ರಿ ಅಂದರು. ಅಕ್ಕ ಪರ್ಸಿಂದ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟಳು. ಅವರು ಅದನ್ನ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೈದಿದ್ದರೇ ಚೆನ್ನಾಗಿರ್ತಿತ್ತು.

ನಡೆದಿದ್ದಿಷ್ಟು. ಕಣ್ಣಿನೊಳಗೆ ಸದಾ ಒಂದು ನೀರು ಹುಟ್ಟುತ್ತೆ, ಮೂಲೆಯ ಜರಡಿಯಂಥ ಜಾಗದಿಂದ ಹೊರಗೆ ಹೋಗುತ್ತೆ. ಸ್ಟಿರಾಯ್ಡ್ ವಾರಗಟ್ಟಲೆ ಬಿದ್ದರೆ ಸುಮಾರು ಮೂರರಲ್ಲಿ ಒಬ್ಬರಿಗೆ ಆ ಜರಡಿ ಕಟ್ಟಿಕೊಂಡು ಒತ್ತಡ ಏರುತ್ತೆ. ಮಕ್ಕಳಲ್ಲಿ ಬೇಗ ಏರುತ್ತೆ, ಜೋರಾಗಿ ಏರುತ್ತೆ. ತೂಬು ಮುಚ್ಚಿದ ಕೆರೆ ಅಂದ್ಕೊಳ್ಳಿ, ಆದರೆ ಇಲ್ಲಿ ಏರಿ ಒಡೆಯಲ್ಲ, ಹಿಂದಿರೋ ನರ ಒಣಗುತ್ತೆ. ನೋವಿಲ್ಲ, ಕೆಂಪಿಲ್ಲ. ಕೆಂಪು ಬರದಂತೆ ನೋಡ್ಕೊಳ್ಳೋದು ಅದೇ ಔಷಧಿಯ ಗುಣ ಅಲ್ವಾ! ಇದಕ್ಕೆ ಗ್ಲಾಕೋಮಾ ಅಂತಾರೆ. ಹೋದ ನೋಟ ಹೋದದ್ದೇ. ನಮ್ಮ ಕಡೆ ತೆಂಗಿನ ಗರಿಯೋ ಭತ್ತದ ಎಲೆಯೋ ಕಣ್ಣಿಗೆ ತಗುಲಿ ಗಾಯವಾಗಿ ಒಳಗೆ ಶಿಲೀಂಧ್ರ ಬೆಳೀತಿರುವಾಗ ಇದೇ ಡ್ರಾಪ್ಸ್ ಹಾಕಿದರೆ ಕಣ್ಣೇ ಕೊಳೆಯಬಹುದು ಅಂತಲೂ ಅವರು ಹೇಳಿದರು.

ಹೇಗೆ ಗುರುತಿಸೋದು ಅಂತ ಕೇಳಿದೆ, ತಡವಾಗಿ. ಬ್ರ್ಯಾಂಡ್ ಹೆಸರು ಬಿಟ್ಟು ಕೆಳಗಿನ ಸಣ್ಣಕ್ಷರ ಓದಿ ಅಂದರು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್: ಈ 'ಸೋನ್', 'ಸೋಲೋನ್' ಬಾಲ ಇದ್ದರೆ ಸ್ಟಿರಾಯ್ಡ್. ಎಷ್ಟೋ ಸಲ ಅದೇ ಆ್ಯಂಟಿಬಯಾಟಿಕ್ ಹೆಸರಿಗೆ ಒಂದು 'ಡಿ' ಅಕ್ಷರ ಅಂಟಿಸಿ ಪಕ್ಕದಲ್ಲೇ ಇಟ್ಟಿರ್ತಾರೆ. ಡಬ್ಬಿಯ ಬಣ್ಣ ನೋಡಿ ಕೊಂಡರೆ ಗೊತ್ತೇ ಆಗಲ್ಲ. ಇನ್ನು ಒಡೆದ ಬಾಟ್ಲಿಗೆ ತಿಂಗಳಷ್ಟೇ ಆಯಸ್ಸು, ಎಕ್ಸ್‌ಪೈರಿ ಎರಡು ವರ್ಷ ಆಚೆ ಇದ್ದರೂ ಅಷ್ಟೇ. ನಾನು ಕಳಿಸಿದ ದಿನ ಅಪ್ಪನ ಬಾಟ್ಲಿಗೆ ಅದೂ ಮುಗಿದಿತ್ತು.

ಪುಟ್ಟನಿಗೆ ಈಗ ತುರಿಕೆಗೆ ಬೇರೆ, ಅಲರ್ಜಿಯ ಡ್ರಾಪ್ಸು. ಒತ್ತಡಕ್ಕೆ ಇನ್ನೊಂದು. ಒತ್ತಡ ಇಳಿದಿದೆ, ಹೋದ ಸಲ ಎಡಗಣ್ಣಲ್ಲಿ 16. ಮೂಗಿನ ಪಕ್ಕದ ಅಂಚು ಮಾತ್ರ ಮಬ್ಬಾಗೇ ಉಳಿಯುತ್ತೆ. ತುರಿಕೆಯ ಕಾಯಿಲೆ ಸಾಮಾನ್ಯವಾಗಿ ಮೀಸೆ ಬರೋ ಹೊತ್ತಿಗೆ ತಾನಾಗೇ ಬಿಟ್ಟು ಹೋಗುತ್ತಂತೆ. ಬಿಟ್ಟು ಹೋಗೋ ಕಾಯಿಲೆಗೆ ನಾವು ಬಿಟ್ಟು ಹೋಗದ ಕಾಯಿಲೆ ತಂದುಕೊಟ್ಟೆವು. ಅಕ್ಕ ಈ ವಿಷಯಕ್ಕೆ ಇವತ್ತಿಗೂ ಒಂದು ಮಾತು ಅಂದಿಲ್ಲ. ಫೋನ್ ಮಾಡಿದಾಗ ಮಳೆ, ಬೆಳೆ, ಕೊಬ್ಬರಿ ರೇಟು ಕೇಳ್ತಾಳೆ.

ಈ ಯುಗಾದಿಗೆ ಅಪ್ಪನ ಇನ್ನೊಂದು ಕಣ್ಣಿಗೂ ಆಪರೇಷನ್ ಆಯಿತು. ಈ ಸಲ ಉಸ್ತುವಾರಿ ಪುಟ್ಟಂದೇ. ಕೈ ಸೋಪು ಹಾಕಿ ತೊಳೆದು ಬಂದು, ತಾತನ ಕೆಳರೆಪ್ಪೆ ಮೆಲ್ಲಗೆ ಎಳೆದು, ಬಾಟ್ಲಿ ತುದಿ ರೆಪ್ಪೆಗೆ ತಾಗದ ಹಾಗೆ ಒಂದೇ ಹನಿ. "ಎರಡು ಹಾಕ್ಲಾ, ಒಂದು ಸಾಕಾಗಲ್ಲ" ಅಂದರೆ, "ಕಣ್ಣು ಹಿಡಿಯೋದೇ ಒಂದು ತಾತ, ಉಳಿದಿದ್ದು ಕೆನ್ನೆಗೆ" ಅಂತಾನೆ. ಮೂಗಿನ ಪಕ್ಕದ ಕಣ್ಣಿನ ಮೂಲೇನ ಬೆರಳಲ್ಲಿ ಒತ್ತಿ ಹಿಡಿದು ಎಣಿಸ್ತಾನೆ, ಔಷಧಿ ಗಂಟಲಿಗೆ ಇಳಿದು ಕಹಿ ಆಗದಿರಲಿ ಅಂತ. ಎರಡನೇ ಡ್ರಾಪ್ಸಿಗೆ ಐದು ನಿಮಿಷ ಕಾಯಿಸ್ತಾನೆ. ಗೋಡೆಗೆ ಕ್ಯಾಲೆಂಡರ್ ಅಂಟಿಸಿ ಆರು, ಐದು, ನಾಲ್ಕು ಅಂತ ಟಿಕ್ ಮಾಡ್ತಾನೆ. ಬಾಟ್ಲಿ ಮೇಲೆ ಒಡೆದ ತಾರೀಖು ಮಾರ್ಕರಲ್ಲಿ.

ಮೊನ್ನೆ ಹೀಗೇ ತಾತನ ಕಣ್ಣಿನ ಮೂಲೆ ಒತ್ತಿಕೊಂಡು ಎಣಿಸ್ತಿದ್ದವನು ನನ್ನ ಕಡೆ ತಿರುಗದೆಯೇ ಕೇಳಿದ: "ಮಾಮ, ಅವತ್ತು ಬಸ್ಸಲ್ಲಿ ಬಾಟ್ಲಿ ಕಳಿಸಿದ್ದು ನೀವೇ ಅಲ್ವಾ?"

"ಹೂಂ ಕಣೋ, ನಾನೇ."

"ಐವತ್ತೆರಡು, ಐವತ್ತಮೂರು," ಅಂತ ಅವನು ಎಣಿಕೆ ಮುಂದುವರಿಸಿದ.