ಎಷ್ಟು ಭಾರ, ಎಷ್ಟು ಕಾಲ

ನಮ್ಮ ಕಡೆ ಹಳೆಯ ಮನೆ ನೋಡಲು ಬಂದವರು ಮೊದಲು ಕೇಳುವುದು, “ಯಾವ ಮರದ್ದು?” ಎಂದು. ಹಲಸು, ಹೊನ್ನೆ ಎಂದರೆ ಸಮಾಧಾನದಿಂದ ತಲೆಯಾಡಿಸುತ್ತಾರೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಟ್ಟದ ತೊಲೆಯೂ ಅಂಥ ಗಟ್ಟಿ ಮರದ್ದೇ. ಅಡಿಕೆ ಮೂಟೆ, ತಾಮ್ರದ ಹಂಡೆ, ಯಾರಿಗೂ ಬೇಡದ ಪೆಟ್ಟಿಗೆಗಳನ್ನು ಹೊತ್ತುಕೊಂಡು ಮೂರು ತಲೆಮಾರಿನಿಂದ ನಿಂತಿದೆ. ಮುರಿದಿಲ್ಲ, ಗೆದ್ದಲು ಹತ್ತಿಲ್ಲ. ಆದರೆ ಒಂದು ಕಣ್ಣು ಮುಚ್ಚಿ ನೋಡಿದರೆ ನಡುವೆ ಮೂರು ಬೆರಳಷ್ಟು ಕೆಳಗೆ ಬಾಗಿರುವುದು ಕಾಣುತ್ತದೆ. ಯಾವ ವರ್ಷ ಬಾಗಿತೆಂದು ಯಾರಿಗೂ ಗೊತ್ತಿಲ್ಲ. ಗೊತ್ತಾಗುವ ಹಾಗೆ ಅದು ಬಾಗಲೇ ಇಲ್ಲ.

ಸಿವಿಲ್ ಎಂಜಿನಿಯರಿಂಗ್ ಓದುವಾಗ ಇದಕ್ಕೊಂದು ಹೆಸರಿದೆ ಎಂದು ತಿಳಿಯಿತು: ಕ್ರೀಪ್. ತೆವಳುವುದು ಎಂದರ್ಥ. ಭಾರ ಇದ್ದಷ್ಟೇ ಇರುತ್ತದೆ, ಆದರೂ ದಿನ ಕಳೆದಂತೆ ವಸ್ತು ಚೂರುಚೂರೇ ಬಾಗುತ್ತ ಹೋಗುತ್ತದೆ. ಇದಕ್ಕೊಂದು ಜೋಡಿಯೂ ಇದೆ. ತಂಬೂರಿಯ ತಂತಿಯನ್ನು ಬಿಗಿದಿಟ್ಟರೆ ಉದ್ದ ಅಷ್ಟೇ ಇರುತ್ತದೆ, ಒಳಗಿನ ಬಿಗಿ ಮಾತ್ರ ಮೆಲ್ಲಗೆ ಇಳಿಯುತ್ತದೆ. ಹೊಸ ತಂತಿ ಮತ್ತೆ ಮತ್ತೆ ಶ್ರುತಿ ತಪ್ಪುವುದಕ್ಕೆ ಇದೂ ಒಂದು ಕಾರಣ.

ಮರದ ಬಗ್ಗೆ ಅಮೆರಿಕದ ಮ್ಯಾಡಿಸನ್‌ನ ಪ್ರಯೋಗಾಲಯದಲ್ಲಿ ಹುಟ್ಟಿದ ಒಂದು ಲೆಕ್ಕ ಈಗಲೂ ಪ್ರಸಿದ್ಧ. ಕೆಲವೇ ನಿಮಿಷದ ಪರೀಕ್ಷೆಯಲ್ಲಿ 100 ಕಿಲೋ ತಡೆಯುವ ತೊಲೆ, ಅದನ್ನು ಹತ್ತು ವರ್ಷ ಇಳಿಸದೆ ಹೊರಬೇಕೆಂದರೆ ತಡೆಯುವುದು ಸುಮಾರು 60 ಕಿಲೋ ಮಾತ್ರ. ಅದೇ ಮರ, ಅದೇ ಗಟ್ಟಿತನ. ಬದಲಾದದ್ದು ಕಾಲ. ನಮ್ಮ ಮಲೆನಾಡಿನ ಮರಕ್ಕೆ ಇನ್ನೂ ಒಂದು ಕಷ್ಟ. ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಭಾರ ಹೊತ್ತುಕೊಂಡೇ ಹೀಗೆ ನೆನೆದು ಒಣಗುವ ಮರ, ಒಂದೇ ಹದದಲ್ಲಿರುವ ಮರಕ್ಕಿಂತ ಹೆಚ್ಚು ಬಾಗುತ್ತದೆ.

ಕಾಂಕ್ರೀಟಿಗೂ ಇದು ತಪ್ಪಿದ್ದಲ್ಲ. ಪೆಸಿಫಿಕ್ ಸಾಗರದ ಪಲಾವ್ ದೇಶದಲ್ಲಿ 1977ರಲ್ಲಿ ಎರಡು ದ್ವೀಪಗಳ ನಡುವೆ ಒಂದು ಸೇತುವೆ ಕಟ್ಟಿದರು. ಮುಖ್ಯ ಅಂಕಣವೇ 241 ಮೀಟರ್. ಆ ಬಗೆಯ ಸೇತುವೆಗಳಲ್ಲಿ ಆಗ ಅದೇ ಜಗತ್ತಿನ ದಾಖಲೆ. ವರ್ಷ ವರ್ಷಕ್ಕೆ ನಡುಭಾಗ ಇಳಿಯುತ್ತ ಹೋಯಿತು. ಹದಿನೆಂಟು ವರ್ಷದಲ್ಲಿ ಇಳಿದದ್ದು ಒಂದು ಮೀಟರಿಗೂ ಹೆಚ್ಚು. ಕಟ್ಟುವಾಗಿನ ಅಂದಾಜನ್ನು ಅದು ಎಲ್ಲೋ ಮೀರಿತ್ತು. 1996ರಲ್ಲಿ ಹೊಸ ಕೇಬಲ್ ಹಾಕಿ ಬಿಗಿದು ಸರಿಪಡಿಸಲು ನೋಡಿದರು. ಕೆಲವೇ ತಿಂಗಳಲ್ಲಿ, ಸೆಪ್ಟೆಂಬರಿನ ಒಂದು ದಿನ, ಸೇತುವೆ ಇದ್ದಕ್ಕಿದ್ದಂತೆ ಕುಸಿದು ಬಿತ್ತು. ಇಬ್ಬರು ಸತ್ತರು.

ಇದನ್ನೆಲ್ಲ ಓದುವಾಗ ನನಗೆ ನೆನಪಾಗುತ್ತಿದ್ದದ್ದು ಅಮ್ಮ. ಅಜ್ಜಿ ಹಾಸಿಗೆ ಹಿಡಿದು ಹನ್ನೊಂದು ವರ್ಷ ಬದುಕಿದ್ದರು. ಬೆಳಿಗ್ಗೆ ಎಬ್ಬಿಸಿ ಕೂರಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು, ರಾತ್ರಿ ಎರಡಕ್ಕೊಮ್ಮೆ ಮಗ್ಗುಲು ಬದಲಿಸುವುದು. ಒಂದು ದಿನದ ಲೆಕ್ಕದಲ್ಲಿ ಇದು ದೊಡ್ಡ ಭಾರವೇನಲ್ಲ. ಎರಡು ದಿನಕ್ಕೆಂದು ಬಂದ ಅತ್ತೆಯೂ ನಗುನಗುತ್ತಲೇ ಮಾಡಿ, “ಪಾಪ, ಅಮ್ಮಂದೇನೂ ರಗಳೆ ಇಲ್ಲ” ಎಂದು ಹೇಳಿ ಬಸ್ಸು ಹತ್ತುತ್ತಿದ್ದರು. ಉಳಿದ ನೆಂಟರೆಲ್ಲ ಅಮ್ಮನನ್ನು ಕೊಂಡಾಡುತ್ತಿದ್ದದ್ದು ಒಂದೇ ಮಾತಿನಲ್ಲಿ: “ಗಟ್ಟಿಗಿತ್ತಿ ಮಾರಾಯ್ರೆ.” ಹೌದು, ಗಟ್ಟಿಗಿತ್ತಿಯೇ. ಆದರೆ ಆ ಮಾತು ಹೇಳಿದವರು ಮತ್ತೇನೂ ಕೇಳುತ್ತಿರಲಿಲ್ಲ. ಹೊಗಳಿಕೆ ಅಲ್ಲಿಗೆ ಕೆಲಸ ಮುಗಿಸಿಬಿಡುತ್ತಿತ್ತು.

ಪ್ರಯೋಗಾಲಯದಲ್ಲಿ ಬಹುಕಾಲ ಹೊತ್ತ ಮರದಿಂದ ಭಾರ ಇಳಿಸಿದರೆ, ಬಾಗಿದ್ದರಲ್ಲಿ ಒಂದು ಪಾಲು ತಕ್ಷಣ ಮೇಲೇಳುತ್ತದೆ. ಇನ್ನೊಂದು ಪಾಲು ನಿಧಾನವಾಗಿ ಹಿಂದಿರುಗುತ್ತದೆ. ಮೂರನೆಯ ಪಾಲು ಹಾಗೇ ಉಳಿದುಬಿಡುತ್ತದೆ. ಅಜ್ಜಿ ಹೋದ ತಿಂಗಳೊಳಗೆ ಅಮ್ಮ ಉಡುಪಿಯ ತಂಗಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದರು. ರಾತ್ರಿಯ ನಿದ್ದೆ ಸರಿಹೋಗಲು ಒಂದು ವರ್ಷ ಬೇಕಾಯಿತು. ಆದರೆ ಇವತ್ತಿಗೂ ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಯಾರಾದರೂ ಕರೆದರೆ ಕೇಳಿಸಬೇಕಲ್ಲ.

ತೊಲೆ ನೋಡಲು ಬಂದಿದ್ದ ಆಚಾರ್ರು ಒಮ್ಮೆ ಹೇಳಿದ್ದರು: “ಬಾಗಿದ್ದನ್ನ ಒತ್ತಿ ನೆಟ್ಟಗೆ ಮಾಡೋಕೆ ಹೋಗ್ಬೇಡಿ. ಮೇಲಿನ ಭಾರ ಇಳ್ಸಿ, ಕೆಳಗೊಂದು ಕಂಬ ಕೊಡಿ. ಇನ್ನು ಬಗ್ಗೋದು ನಿಲ್ತದೆ.” ಪುಸ್ತಕದ ಮಾತೂ ಇದಕ್ಕಿಂತ ತೀರಾ ಬೇರೆಯಲ್ಲ. ಭಾರ ಕಡಿಮೆಯಾದರೆ ತೆವಳುವ ವೇಗವೂ ಕಡಿಮೆಯಾಗುತ್ತದೆ. ಹಂಚಿಕೊಳ್ಳುವುದಾದರೆ ಬಾಗುವ ಮೊದಲೇ ಹಂಚಿಕೊಳ್ಳಬೇಕು.

ಕಳೆದ ವರ್ಷ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಮನೆಯಲ್ಲಿ ದೊಡ್ಡಮ್ಮ ಒಬ್ಬರೇ. “ದೊಡ್ಡಮ್ಮ ಗಟ್ಟಿ ಇದ್ದಾರಲ್ಲ, ನೋಡ್ಕೊಳ್ತಾರೆ ಬಿಡಿ” ಎಂದು ಅಣ್ಣ ಫೋನಿನಲ್ಲಿ ಅಂದನಂತೆ. ಅಮ್ಮ ಎಂದೂ ಯಾರಿಗೂ ಗದರಿದವರಲ್ಲ. ಅವತ್ತು ಗದರಿದರು: “ಗಟ್ಟಿ ಇದ್ದಾಗ್ಲೇ ಹೋಗ್ಬೇಕು ಕಣೋ. ಆಮೇಲೆ ಹೋಗಿ ಏನ್ ಮಾಡ್ತೀ?”

ಆಮೇಲೆ ಕ್ಯಾಲೆಂಡರ್ ಇಳಿಸಿಕೊಂಡು ಕೂತು, ಮೂರು ಮನೆಗೆ ಹತ್ತು ಹತ್ತು ದಿನದಂತೆ ಸರತಿ ಬರೆದರು. ಮೊದಲ ಹತ್ತು ದಿನ ಅಣ್ಣನದ್ದು.