ಸಂಚಾರಿಯೋ, ಸ್ಥಾಯಿಯೋ?

ಹಲ್ಲುನೋವಿನ ವಿಚಾರದಲ್ಲಿ ಮನುಷ್ಯನಿಗೆ ಸಂದೇಹವೆಂಬುದಿಲ್ಲ. ವೈದ್ಯರಲ್ಲಿಗೆ ಹೋಗುವ ಕಾಲ ಯಾವುದೆಂಬುದನ್ನು ಹಲ್ಲೇ ನಿರ್ಣಯಿಸಿ, ರಾತ್ರಿ ಎರಡು ಗಂಟೆಯ ಹೊತ್ತಿಗೆ ಅದನ್ನು ಸ್ಪಷ್ಟವಾಗಿ ತಿಳಿಸುತ್ತದೆ. ಜ್ವರಕ್ಕೂ ಒಂದು ಸಂಪ್ರದಾಯವಿದೆ: ಮೊದಲ ದಿನ ಮೆಣಸಿನ ಕಷಾಯ, ಎರಡನೆಯ ದಿನ ಅಂಗಡಿಯ ಮಾತ್ರೆ, ಮೂರನೆಯ ದಿನ ಡಾಕ್ಟರು. ಆದರೆ ಮನಸ್ಸು ಕೆಟ್ಟರೆ? ಅದಕ್ಕೆ ಇಂಥ ಲೆಕ್ಕಾಚಾರವಿಲ್ಲ. ಥರ್ಮಾಮೀಟರಿಗೂ ಅದು ಸಿಕ್ಕುವ ವಸ್ತುವಲ್ಲ. ಕೇಳಿದವರೆಲ್ಲ ಹೇಳುವುದು ಒಂದೇ ಮಾತು: “ನಾಲ್ಕು ದಿನ ಎಲ್ಲಿಗಾದರೂ ಹೋಗಿಬನ್ನಿ, ಸರಿಹೋಗುತ್ತದೆ.” ನಾನೂ ಹೋಗಿಬಂದೆ. ಹೋದ ಕಡೆಗೆಲ್ಲ ಅದೂ ನನ್ನ ಜೊತೆಯಲ್ಲೇ ಬಂದಿತು. ಅದಕ್ಕೆ ಬಸ್ಸಿನ ಟಿಕೆಟ್ಟೂ ಬೇಕಾಗಲಿಲ್ಲ.

‘ಅದು’ ಎಂದು ಸರ್ವನಾಮದ ಮರೆಯಲ್ಲಿ ನುಣುಚಿಕೊಳ್ಳುವುದು ವ್ಯಾಕರಣ ಪಾಠ ಹೇಳುವವನಿಗೆ ಶೋಭಿಸದು. ನನ್ನ ತಂದೆಯವರು ತೀರಿಕೊಂಡು 14 ತಿಂಗಳಾಗಿದ್ದುವು. ದುಃಖವಾಯಿತು, ಆಗದಿದ್ದರೆ ಆಶ್ಚರ್ಯ. ಆದರೆ ವರ್ಷಾಬ್ದಿಕ ಮುಗಿದ ಮೇಲೂ ದಿನವೂ ಬೆಳಗಿನ ಜಾವ ಮೂರು ಗಂಟೆಗೆ ಯಾರೋ ಹೆಸರು ಹಿಡಿದು ಕರೆದಂತೆ ಎಚ್ಚರವಾಗುತ್ತಿತ್ತು. ಆಮೇಲೆ ನಿದ್ರೆಯಿಲ್ಲ. ಅನ್ನಕ್ಕೆ ರುಚಿಯಿಲ್ಲ. ಪುಸ್ತಕ ತೆರೆದರೆ ಒಂದೇ ಪುಟವನ್ನು ನಾಲ್ಕು ಸಲ ಓದಿ, ಐದನೆಯ ಸಲ ಮುಚ್ಚಿಡುತ್ತಿದ್ದೆ. ತರಗತಿಯಲ್ಲಿ ಮಾತ್ರ ಎಲ್ಲವೂ ಯಥಾಪ್ರಕಾರ. ಕರುಣರಸದ ಪಾಠ ಈ ವರ್ಷ ಬಹಳ ಚೆನ್ನಾಗಿತ್ತೆಂದು ವಿದ್ಯಾರ್ಥಿಯೊಬ್ಬ ಹೇಳಿದ. ಪಾಪ, ಮಾತನಾಡುತ್ತಿದ್ದುದು ನಾನಲ್ಲ, ಹತ್ತು ವರ್ಷದ ಅಭ್ಯಾಸವೆಂಬುದು ಅವನಿಗೇನು ಗೊತ್ತು!

ಸಾವಿನ ದುಃಖಕ್ಕಾದರೋ ನಮ್ಮ ಹಿರಿಯರು ಒಂದು ಕಾಲಮಾನವನ್ನು ಗೊತ್ತುಮಾಡಿದ್ದರು. ಹದಿಮೂರು ದಿನ ಮನೆಯ ತುಂಬ ಜನ, ಆಮೇಲೆ ಮಾಸಿಕಗಳು, ಕೊನೆಗೆ ವರ್ಷಾಬ್ದಿಕ. ಅಲ್ಲಿಗೆ ಬದುಕಿದವನು ಬದುಕಿಗೆ ಮರಳಬೇಕೆಂಬ ಅಪ್ಪಣೆ. ಸೋಜಿಗವೆಂದರೆ, ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ತನ್ನ ಕೈಪಿಡಿಯನ್ನು ಪರಿಷ್ಕರಿಸಿದಾಗ, ಕಡಮೆಯಾಗದೆ ಉಳಿದ ಶೋಕವನ್ನು ಕಾಯಿಲೆಯೆಂದು ಪರಿಗಣಿಸಲು ವಯಸ್ಕರ ಮಟ್ಟಿಗೆ ಇಟ್ಟ ಗಡುವೂ 12 ತಿಂಗಳೇ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇನ್ನಷ್ಟು ಅವಸರದ್ದು. ಅದು ಆರು ತಿಂಗಳಿಗೇ ತೃಪ್ತವಾಗುತ್ತದೆ. ಆದರೂ ದಿನ ತುಂಬಿದ ಮಾತ್ರಕ್ಕೆ ಯಾರೂ ರೋಗಿಯಾಗುವುದಿಲ್ಲ. ಹಂಬಲವು ನಿತ್ಯದ ಕೆಲಸಕಾರ್ಯಗಳನ್ನೂ ಒಡನಾಟಗಳನ್ನೂ ನುಂಗಿದೆಯೇ ಎಂಬುದು ಎರಡು ಕಡೆಯವರೂ ಕೇಳುವ ಪ್ರಶ್ನೆ. ಖಿನ್ನತೆಯದಂತೂ ಬೇರೆಯೇ ಅಳತೆ: ದಿನದ ಬಹುಭಾಗ, ಬಹುತೇಕ ಪ್ರತಿದಿನವೂ, ಎರಡು ವಾರ.

ಇದನ್ನೆಲ್ಲ ಓದುತ್ತಿದ್ದಾಗ ನನಗೆ ನೆನಪಾದುದು, ಬಿ.ಎ. ತರಗತಿಗೆ ನಾನು ವರ್ಷವೂ ಒಪ್ಪಿಸುವ ಕಾವ್ಯಮೀಮಾಂಸೆಯ ಪಾಠ. ಭರತಮುನಿ ಎಂಟು ಸ್ಥಾಯಿಭಾವಗಳನ್ನು ಹೇಳಿ, ಅವುಗಳ ಸುತ್ತ 33 ಸಂಚಾರಿಭಾವಗಳನ್ನು ಓಡಾಡಲು ಬಿಟ್ಟಿದ್ದಾನೆ. ನಿರ್ವೇದ, ಗ್ಲಾನಿ, ಚಿಂತೆ, ದೈನ್ಯ, ಜಡತೆ, ವಿಷಾದ, ಇವೆಲ್ಲ ಆ ಪಟ್ಟಿಯಲ್ಲಿವೆ. ಸಂಚಾರಿ ಎಂದರೆ ಸಂಚರಿಸತಕ್ಕದ್ದು. ಬಂದು, ಒಂದಿಷ್ಟು ಹೊತ್ತು ಇದ್ದು, ಹೊರಟುಹೋಗತಕ್ಕದ್ದು. ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿದು ಎದ್ದುಹೋಗಬೇಕಾದ ಅತಿಥಿ ಒಳಮನೆಗೆ ಬಂದು ಹಾಸಿಗೆ ಬಿಚ್ಚಿದರೆ, ಆಗ ಮನೆಯವರು ಏನಾದರೂ ಮಾಡಲೇಬೇಕು. ವಿಷಾದ ನನ್ನಲ್ಲಿ ಹಾಸಿಗೆ ಬಿಚ್ಚಿತ್ತು. ಆ ಪಟ್ಟಿಯಲ್ಲಿ ‘ಅವಹಿತ್ಥ’ವೆಂಬ ಇನ್ನೊಂದು ಭಾವವಿದೆ. ಒಳಗಿನದನ್ನು ಹೊರಗೆ ತೋರಗೊಡದೆ ಮರೆಸುವುದು ಎಂದು ಅದರ ಅರ್ಥ. ಪರೀಕ್ಷೆಯಲ್ಲಿ ಹುಡುಗರು ಅದನ್ನು ತಪ್ಪದೆ ತಪ್ಪಾಗಿ ಬರೆಯುತ್ತಾರೆ. ಸಂಸಾರಸ್ಥರಾದ ಗಂಡಸರಾದರೋ ಅದನ್ನು ಪಾಠವಿಲ್ಲದೆಯೇ ಕಲಿತುಬಿಟ್ಟಿರುತ್ತಾರೆ.

ಆದರೆ ಮಕ್ಕಳ ಮುಂದೆ ಅವಹಿತ್ಥ ನಡೆಯುವುದಿಲ್ಲ. ಆರು ವರ್ಷದ ನನ್ನ ಮಗಳು ಒಂದು ರಾತ್ರಿ ತಾಯಿಯನ್ನು ಕೇಳಿದಳಂತೆ: “ಅಮ್ಮ, ಅಪ್ಪನಿಗೆ ನನ್ನ ಮೇಲೆ ಕೋಪವಾ?” ಹೆಂಡತಿ ನನಗೆ ಅದನ್ನು ಹೇಳಿ, “ನೀವು ಮನೆಯಲ್ಲಿದ್ದೀರಿ ಎಂದು ಮಗುವಿಗೆ ಅನ್ನಿಸುತ್ತಿಲ್ಲ ಅಂದ್ರೆ. ನನಗೂ ಅಷ್ಟೆ” ಎಂದಳು. ಎರಡು ವಾರ, ಆರು ತಿಂಗಳು, ವರ್ಷ ಎಂಬ ಲೆಕ್ಕಗಳೆಲ್ಲ ಅಲ್ಲಿಗೆ ನಿಂತವು. ಹೋಗುವುದೆಂದು ಆ ರಾತ್ರಿಯೇ ನಿಶ್ಚಯಿಸಿದೆ.

ನಿಶ್ಚಯಕ್ಕೆ ಮೊದಲ ವಿಘ್ನ ಒಡ್ಡಿದವರು ನನ್ನ ತಾಯಿ. ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ವೆಂಬ ಯೋಜನೆಯ ಅನ್ವಯ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವಾಡಿಕೆಯುಂಟಷ್ಟೆ, ಅವರು ಬರುವ ದಿನ ಮಂಗಳವಾರ. “ಡಾಕ್ಟರಿಗೆ ತೋರಿಸಬೇಡ ಅಂತ ನಾನು ಹೇಳಲ್ಲ ಕಣೋ. ಆದರೆ ಮಂಗಳವಾರ ಹೊಸ ಕೆಲಸ ಶುರುಮಾಡ್ತಾರೇನೋ?” ಎಂದು ಅಮ್ಮ. ಇದು ಹೊಸ ಕೆಲಸವಲ್ಲ, ಹಳೆಯದೊಂದನ್ನು ಮುಗಿಸುವುದು ಎಂದು ನಾನು ಸಮಾಧಾನ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮಪ್ಪ ಹೋದ ಮೇಲೆ ನನಗೂ ನಿದ್ದೆ ಇಲ್ಲ” ಎಂದರು. ಈ ಒಂದು ಮಾತು 14 ತಿಂಗಳಲ್ಲಿ ನಮ್ಮಿಬ್ಬರ ನಡುವೆ ಬಂದಿರಲಿಲ್ಲ.

ಅಮ್ಮನ ಶಂಕೆ ವಾರದ್ದು. ಊರಿನ ಶಂಕೆ ಬೇರೆ. ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದ್ದ ತ್ರಿವೇಣಿಯವರು ‘ಶರಪಂಜರ’ದಲ್ಲಿ ಅದನ್ನೇ ಚಿತ್ರಿಸಿದ್ದಾರೆ. ಕಾವೇರಿ ಗುಣವಾಗಿ ಮನೆಗೆ ಮರಳುತ್ತಾಳೆ. ಗುಣವಾಗದೆ ಉಳಿದವರು ಸುತ್ತಲಿನವರು. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದ ಮೇಲಂತೂ ಕಾವೇರಿ ಮನೆಮಾತಾದಳು. ಆದರೂ ನೋಡಿ ಕಣ್ಣೀರು ಸುರಿಸಿದವರೆಲ್ಲ ಆ ಸುತ್ತಲಿನವರ ಸಾಲಿನಿಂದ ಎದ್ದು ಬಂದರೆಂದು ನನಗೆ ತೋರುವುದಿಲ್ಲ. ‘ಕೊರವಂಜಿ’ಯನ್ನು ಸ್ಥಾಪಿಸಿ ಕನ್ನಡಿಗರನ್ನು ನಗಿಸಿದ ರಾಶಿಯವರು, ಅಂದರೆ ಡಾ. ಎಂ. ಶಿವರಾಂ, ‘ಮನಮಂಥನ’ವೆಂಬ ಮನೋವೈದ್ಯಕೀಯ ಗ್ರಂಥವನ್ನು ಬರೆದು 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರೆಂಬುದನ್ನು ನಾನು ತರಗತಿಯಲ್ಲಿ ಹೇಳಿದರೆ ಹುಡುಗರು ನಂಬುವುದಿಲ್ಲ. ನಗೆಯೂ ಮನೋವ್ಯಾಧಿಯೂ ಒಬ್ಬನದೇ ಕೈಬರಹದಲ್ಲಿರುವುದು ಅವರಿಗೆ ವಿಚಿತ್ರವಾಗಿ ಕಾಣುತ್ತದೆ. ಎಂತಲೇ ಜನ ಬರುವುದಿಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಮನಸ್ಸಿನ ಕಾಯಿಲೆಯಿದ್ದೂ ಚಿಕಿತ್ಸೆ ಕಾಣದವರು, ಕಾಯಿಲೆ ಯಾವುದೆಂಬುದರ ಮೇಲೆ, ನೂರಕ್ಕೆ 70ರಿಂದ 92 ಮಂದಿ.

ಹೋಗಬೇಕೆನ್ನುವವರಿಗೂ ಯಾರಲ್ಲಿಗೆ ಎಂಬ ಗೊಂದಲ. ಮನೋವೈದ್ಯರು ವೈದ್ಯಶಾಸ್ತ್ರ ಓದಿದವರು, ಔಷಧ ಬರೆದುಕೊಡುವವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತಿನ ಮೂಲಕ ಚಿಕಿತ್ಸೆ ನಡೆಸುವವರು. ಅವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರೇ ಎಂಬುದನ್ನು ಕೇಳಿ ತಿಳಿಯಬಹುದು, ಕೇಳುವುದರಲ್ಲಿ ಸಂಕೋಚ ಬೇಡ. ಬದುಕೇ ಬೇಡವೆಂಬ ಯೋಚನೆ ಸುಳಿದವರಿಗೆ ಮಾತ್ರ ನನ್ನ ಸಂಚಾರಿ-ಸ್ಥಾಯಿಗಳ ಚರ್ಚೆ ಸಲ್ಲದು. ಅವರು ಮಂಗಳವಾರದವರೆಗೆ ಕಾಯಕೂಡದು. ಆ ಗಳಿಗೆಯಲ್ಲೇ ಹತ್ತಿರದವರಿಗೆ ಹೇಳಬೇಕು, ಆಸ್ಪತ್ರೆಗೆ ಹೋಗಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಮಂಗಳವಾರ ಹೋದೆ. ಸಾಲಿನಲ್ಲಿ ನನ್ನ ಮುಂದೆ ಎಲೆಅಡಿಕೆ ಜಗಿಯುವ ಅಜ್ಜಿಯೊಬ್ಬರು, ಹಿಂದೆ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿ. ಅವನು “ನಮಸ್ಕಾರ ಸಾರ್” ಎಂದ, ನಾನೂ ಎಂದೆ, ಇಬ್ಬರೂ ಮಳೆಯ ವಿಚಾರ ಮಾತನಾಡಿದೆವು. ವೈದ್ಯರು ಸಾವಧಾನವಾಗಿ ಕೇಳಿ, ನಿದ್ರೆಗೆ ಸದ್ಯಕ್ಕೆ ಮಾತ್ರೆ ಬೇಡವೆಂದೂ ಜಿಲ್ಲಾ ಆಸ್ಪತ್ರೆಯ ಮನಶ್ಶಾಸ್ತ್ರಜ್ಞರನ್ನು ವಾರಕ್ಕೊಮ್ಮೆ ಕಾಣಬೇಕೆಂದೂ ಚೀಟಿ ಬರೆದರು. ಅಲ್ಲಿಯ ಕೊಠಡಿಯ ಫಲಕದ ಮೇಲೆ ‘ಆಪ್ತ ಸಮಾಲೋಚನೆ’ ಎಂದಿತ್ತು. ಹೆಸರೇ ಗೊತ್ತಿಲ್ಲದವರು ಆಪ್ತರಾಗುವುದು ಹೇಗೆಂದು ನನ್ನೊಳಗಿನ ಕನ್ನಡ ಮೇಷ್ಟ್ರು ತಕರಾರು ತೆಗೆದರು. ಒಳಗಿದ್ದ ಮಹಿಳೆ ನನ್ನ ಕಾಯಿಲೆಯ ಸುದ್ದಿಯನ್ನೇ ಎತ್ತಲಿಲ್ಲ. “ನಿಮ್ಮ ತಂದೆಯವರು ಏನು ಕೆಲಸ ಮಾಡುತ್ತಿದ್ದರು?” ಎಂದರು. ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಅಕ್ಷರ ಮುತ್ತಿನಂತಿತ್ತು ಎಂದು ಹೇಳಲು ತೊಡಗಿದವನಿಗೆ ಮುಕ್ಕಾಲು ಗಂಟೆ ಕಳೆದದ್ದು ತಿಳಿಯಲಿಲ್ಲ.

ಈಗ ಆರು ವಾರವಾಗಿದೆ. ಮೂರು ಗಂಟೆಗೆ ಎಚ್ಚರವಾಗುವುದು ಪೂರ್ತಿ ನಿಂತಿಲ್ಲ. ವಾರಕ್ಕೆ ಎರಡು ದಿನ ಉಂಟು. ಅಮ್ಮನೂ ಬರುವ ಮಂಗಳವಾರ ಆಸ್ಪತ್ರೆಗೆ ಬರುತ್ತೇನೆಂದಿದ್ದಾರೆ, ರಾಹುಕಾಲ ಕಳೆದು ಹೊರಡುವುದಾದರೆ. ರಾತ್ರಿ ಮಗಳಿಗೆ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತೇನೆ. ನಿನ್ನೆ ಗುಬ್ಬಕ್ಕನ ಮನೆಗೆ ಕಾಗಕ್ಕ ಬಂದು ಬಾಗಿಲು ತಟ್ಟುವ ಭಾಗವನ್ನು ನಾನು ಬೇಗ ಮುಗಿಸಹೊರಟಾಗ, ಅವಳು ನನ್ನ ಬಾಯಿಗೆ ಕೈ ಅಡ್ಡವಿಟ್ಟು, “ಅಷ್ಟು ಬೇಗ ಅಲ್ಲ ಅಪ್ಪ, ಇನ್ನೂ ಮೂರು ಸಲ ತಟ್ಟಬೇಕು” ಎಂದಳು.